ಕಲ್ಲಿಗೇರಿದ ಮೋಟಾರು, ಬನ್ನಿಗೆ ಹೋದ ಗಾಲಿ

ವಿಮಾ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನಮ್ಮ ಮನೆ ಕಟ್ಟೆಗೆ ಬಂದು ಕೂತರೆ ಕೇಳುವುದು ಒಂದೇ ಪ್ರಶ್ನೆ: "ಅಜ್ಜಾರ, ಗಿರಾಕಿ ಹಿಡಿಯೂದು ಹ್ಯಾಂಗ್ರೀ?" ನಾನು ಹೇಳುವುದೂ ಒಂದೇ ಉತ್ತರ. ಗಿರಾಕಿಯ ರೊಕ್ಕ ಉಳಿಸು, ಅವನೇ ಬಂದು ನಿನ್ನನ್ನು ಹಿಡಿಯುತ್ತಾನೆ. ಹುಡುಗರು ನಗುತ್ತಾರೆ. ಗಿರಾಕಿ ಕಡಿಮೆ ಕಟ್ಟಿದರೆ ನಮ್ಮ ಕಮಿಷನ್ನೂ ಕಡಿಮೆಯಾಗುತ್ತದಲ್ಲ ಎನ್ನುತ್ತಾರೆ. ಆಗುತ್ತದೆ. ಆದರೂ ನಿಜಾಮರ ಕಾಲದಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರಿನಲ್ಲಿ ಮೋಟಾರು ಇಟ್ಟವರೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. "ವಿಮಾ ಭೀಮಣ್ಣ" ಎಂದರೆ ಸಂತೆಯಲ್ಲಿ ಎಮ್ಮೆ ಮಾರುವವನಿಗೂ ಗೊತ್ತಿತ್ತು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಸುಳ್ಳು ವಿನಯ ಯಾಕೆ?

ಆಗ ಮೋಟಾರುಗಳೇ ಕಡಿಮೆ. ಹತ್ತಿ ವ್ಯಾಪಾರಿಗಳು, ದೇಸಾಯರು, ಅಲ್ಲೊಬ್ಬ ಇಲ್ಲೊಬ್ಬ ಡಾಕ್ಟರು, ಇಷ್ಟೇ ಜನ. ನಾನು ಸೈಕಲ್ ಮೇಲೆ ಊರೂರು ತಿರುಗುತ್ತಿದ್ದೆ. ಮೋಟಾರಿನ ವಿಮೆ ಮಾಡುವವನು ಸೈಕಲ್ ಮೇಲೆ ಬರುವುದನ್ನು ನೋಡಿ ಜನ ಚೇಷ್ಟೆ ಮಾಡುವರು. "ಭೀಮಣ್ಣ, ಇದಕ್ಕ ವಿಮಾ ಐತೇನು?" ಎಂದು ಸೈಕಲ್ಲಿನ ಗಂಟೆ ಬಾರಿಸುವರು. ವಿಮೆ ಮಾಡಿಸಿದ್ದೀರಾ ಎಂದು ಮಾಲೀಕರನ್ನು ನಮ್ಮ ಕಡೆ ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಮಾತಿನ ಬಲದ ಮೇಲೆಯೇ ನಮ್ಮ ಹೊಟ್ಟೆ.

ಮುದಗಲ್ ಕಡೆಯ ಒಬ್ಬ ದೇಸಾಯರು ಇದ್ದರು. ಅವರ ಮೋಟಾರಿಗೆ ಹತ್ತು ವರ್ಷ ಆಗಿತ್ತು, ಆದರೆ ವಿಮೆಯ ಕಾಗದದಲ್ಲಿ ಮಾತ್ರ ಕೊಂಡ ದಿನದ ಬೆಲೆಯನ್ನೇ ಬರೆಸುತ್ತಿದ್ದರು. ಹೆಚ್ಚು ಬೆಲೆ ಬರೆದಷ್ಟೂ ಹೆಚ್ಚು ಕಟ್ಟಬೇಕು. ಆದರೆ ಮೋಟಾರು ಹಾಳಾದರೆ ಕಂಪನಿ ಕೊಡುವುದು ಹಾಳಾದ ದಿನದ ಬೆಲೆಯನ್ನಷ್ಟೇ. ಬೆಲೆ ಇಳಿಸಿ ಬರೆಯೋಣ ಎಂದೆ. ದೇಸಾಯರ ಮೀಸೆ ಕುಣಿಯಿತು.

"ಯಾಕ, ನಾ ಬಡವ ಆಗೀನೇನು? ನಾಳಿ ಊರಾಗ ಜನ ಏನಂದಾರು?"

"ಧಣೇರ, ಮುಪ್ಪಾಗಿದ್ದು ಮೋಟರ್ರೀ, ನೀವಲ್ಲ. ನಿಮ್ಮ ಮುದಿ ಕುದುರಿನ ಯಾರಾದ್ರೂ ಮರಿ ಕುದುರಿ ಬೆಲಿಗೆ ತಗೋತಾರೇನ್ರೀ?"

ದೇಸಾಯರು ಬಹಳ ಹೊತ್ತು ಕುದುರೆ ಲಾಯದ ಕಡೆ ನೋಡುತ್ತ ಕೂತರು. ಆಮೇಲೆ, "ಇಳಿಸಿ ಬರಿ. ಆದ್ರ ಕಾಗದ ನಿನ್ನ ಹತ್ರ ಇರಲಿ, ಮನ್ಯಾಗ ಯಾರಿಗೂ ತೋರಿಸಬ್ಯಾಡ" ಎಂದರು. ಅಂದಿನಿಂದ ಅವರು ಬದುಕಿರುವ ತನಕ ನನ್ನ ಗಿರಾಕಿ.

ಸಿಂಧನೂರಿನ ಒಬ್ಬ ವ್ಯಾಪಾರಿಯ ಕಥೆ ಬೇರೆ. ಮನೆಯ ಬಳಕೆಗೆ ಮಾತ್ರ ಎಂದು ಬರೆಸಿ ಕಡಿಮೆ ಕಟ್ಟುತ್ತಿದ್ದ. ನಾನು ಹಿಂದಿನ ಸೀಟಿನ ಸಂದಿಯಲ್ಲಿ ಕೈಹಾಕಿದೆ, ಅಕ್ಷತೆ ಕಾಳು ಬಂದವು. ಇನ್ನೊಂದು ಸಂದಿಯಲ್ಲಿ ಒಣಗಿದ ಬಾಸಿಂಗದ ಚೂರು. "ಸಾವುಕಾರ್ರ, ಈ ವರ್ಷ ನಿಮ್ಮ ಮನ್ಯಾಗ ಎಷ್ಟು ಮದುವಿ ಆದುವ್ರೀ?" ಎಂದು ಕೇಳಿದೆ. ಮದುವೆಗೆ ಬಾಡಿಗೆ ಬಿಡುತ್ತಿದ್ದ ಗುಟ್ಟು ಅಲ್ಲಿಗೆ ರಟ್ಟಾಯಿತು. ಬಾಡಿಗೆ ಗಾಡಿ ಎಂದೇ ಬರೆದುಕೊಂಡು ಬಂದೆ. ಆ ದಿನ ಅವನಿಗೆ ಒಂದು ಮಾತು ಹೇಳಿದೆ, ಮುಂದೆ ಎಲ್ಲರಿಗೂ ಹೇಳುತ್ತ ಬಂದೆ: ಸುಳ್ಳು ಹೇಳಿ ಉಳಿಸಿದ್ದು ಉಳಿತಾಯವಲ್ಲ, ಗಾಡಿ ಎಲ್ಲಿಗಾದರೂ ಗುದ್ದುವ ತನಕ ಅದೊಂದು ಭ್ರಮೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನಗೂ ಅನ್ವಯಿಸುತ್ತದೆ ಎಂದು ಆಗ ತಿಳಿದಿರಲಿಲ್ಲ.

ನನ್ನ ಮೇಲಿನವರು ಖಲೀಲ್ ಸಾಹೇಬರು, ಕಂಪನಿಯ ಇನ್‌ಸ್ಪೆಕ್ಟರು. ಹೈದರಾಬಾದಿನವರು, ಕನ್ನಡ ಕಲಿತದ್ದು ನಮ್ಮ ಜಿಲ್ಲೆಗೆ ಬಂದ ಮೇಲೆ. ಶೇರ್ವಾನಿಯ ಗುಂಡಿ ಎಂಥ ಬಿಸಿಲಲ್ಲೂ ಬಿಚ್ಚುತ್ತಿರಲಿಲ್ಲ. ನನ್ನ ಅರ್ಜಿಗಳನ್ನು ಓದಿ ಹಣೆ ಒತ್ತಿಕೊಳ್ಳುವರು. "ಭೀಮಣ್ಣ, ನೀ ಕಂಪನಿ ಏಜೆಂಟ್ ಇದ್ದೀಯೋ, ಗಿರಾಕಿ ವಕೀಲ ಇದ್ದೀಯೋ? ಸಚ್ ಸಚ್ ಹೇಳು!" ಆದರೂ ನನ್ನ ಕಾಗದಗಳನ್ನು ಒಮ್ಮೆಯೂ ತಿರುಗಿ ಕಳಿಸಲಿಲ್ಲ. ನಾನು ಕೇಳಿದ ರಿಯಾಯತಿಗಳೆಲ್ಲ ಕಂಪನಿಯ ನಿಯಮದಲ್ಲೇ ಇದ್ದಂಥವು, ಬೇರೆ ಏಜೆಂಟರು ಗಿರಾಕಿಗೆ ಹೇಳುತ್ತಿರಲಿಲ್ಲ, ಅಷ್ಟೇ.

ಅವುಗಳಲ್ಲಿ ನನಗೆ ಹೆಸರು ತಂದದ್ದು ಕಲ್ಲಿನ ರಿಯಾಯತಿ. ಹೆಸರು ನಾವು ಇಟ್ಟದ್ದು. ಮೋಟಾರನ್ನು ಕೆಲವು ತಿಂಗಳು ಓಡಿಸುವುದೇ ಇಲ್ಲ ಎಂದು ಮೊದಲೇ ಬರೆದುಕೊಟ್ಟರೆ, ಆ ತಿಂಗಳುಗಳಿಗೆ ಕಟ್ಟಿದ್ದರಲ್ಲಿ ಒಂದು ಪಾಲನ್ನು ಕಂಪನಿ ವಾಪಸು ಕೊಡುತ್ತಿತ್ತು. ಆ ಅವಧಿಯಲ್ಲಿ ಬೆಂಕಿ ಬಿದ್ದರೆ, ಕಳುವಾದರೆ ವಿಮೆ ಇರುತ್ತದೆ. ರಸ್ತೆಯ ಮೇಲೆ ಏನಾದರೂ ಆದರೆ ಇಲ್ಲ. ನಮ್ಮ ಎರೆ ಭೂಮಿಗೆ ಹೇಳಿ ಮಾಡಿಸಿದ ನಿಯಮ ಇದು. ಜೂನಿನಲ್ಲಿ ಮಿರಗ ಮಳೆ ಬಿತ್ತೆಂದರೆ ಹಳ್ಳಿಯ ದಾರಿಗಳಲ್ಲಿ ಎತ್ತಿನ ಬಂಡಿಯೇ ಹೂತು ನಿಲ್ಲುತ್ತಿತ್ತು, ಮೋಟಾರಿನ ಮಾತೆಲ್ಲಿ? ಓಡದ ಗಾಡಿಗೆ ಓಡುವ ಗಾಡಿಯ ರೊಕ್ಕ ಯಾಕೆ ಕಟ್ಟಬೇಕು? ಗಾಲಿ ಬಿಚ್ಚಿ, ಅಚ್ಚಿನ ಕೆಳಗೆ ನಾಲ್ಕು ಕಡೆ ಕಲ್ಲು ಕೊಟ್ಟು ನಿಲ್ಲಿಸಿದರೆ ಟೈರೂ ಉಳಿಯುತ್ತದೆ, ರೊಕ್ಕವೂ ಉಳಿಯುತ್ತದೆ.

ಮಸ್ಕಿಯ ಶರಣಬಸಪ್ಪ ಸಾವುಕಾರರಿಗೆ ಈ ಸುದ್ದಿ ಹೋಯಿತು. ಹತ್ತಿ ವ್ಯಾಪಾರದಲ್ಲಿ ದೊಡ್ಡ ಕುಳ, ಕೈ ಮಾತ್ರ ಬಲು ಬಿಗಿ. ಎಂಟು ಮಂದಿ ಕೂಡುವ, ಬಟ್ಟೆಯ ಮೇಲ್ಛಾವಣಿಯ ಮೋಟಾರು ಅವರದು. ಡ್ರೈವರ್ ಹುಸೇನಸಾಬ ಅದನ್ನು ಮಗುವಿನಂತೆ ಒರೆಸಿ ಇಡುತ್ತಿದ್ದ. ಸಾವುಕಾರರು ನನ್ನನ್ನು ಕರೆಸಿ, "ಭೀಮಣ್ಣ, ಎಷ್ಟು ದಿನ ಕಲ್ಲಿನ ಮ್ಯಾಲಿಟ್ರ ಅಷ್ಟು ಉಳೀತೈತೆಲ್ಲ? ಹಂಗಾರ ಚಿತ್ತಿ ಮಳಿ ಮುಗಿಯೂ ಮಟಾ ಇಡ್ತೀನಿ" ಎಂದರು.

ಕಂಪನಿಗೆ ಬೇಕಾದದ್ದು ಇಂಗ್ಲಿಷ್ ತಾರೀಖು. ನಿಜಾಮರ ಕಚೇರಿಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ತಾರೀಖು. ಸಾವುಕಾರರಿಗೆ ತಿಳಿಯುತ್ತಿದ್ದದ್ದು ಮಳೆಯ ಲೆಕ್ಕ. ಈ ಮೂರನ್ನೂ ಸೇರಿಸುವವನು ನಾನೊಬ್ಬನೇ ಎಂಬ ಗರ್ವ ನನಗೆ. ಪಂಚಾಂಗ ಬಿಚ್ಚಿ, ಚಿತ್ತಿ ಮಳೆಯ ಕೊನೆಯ ದಿನಕ್ಕೆ ಬೆರಳಿಟ್ಟು, ಅದಕ್ಕೆ ಸರಿಯಾದ ಅಕ್ಟೋಬರಿನ ಇಂಗ್ಲಿಷ್ ತಾರೀಖನ್ನು ಠೀವಿಯಿಂದ ಬರೆದೆ. ಸಾವುಕಾರರು ಸಹಿ ಹಾಕಿದರು. ಹುಸೇನಸಾಬ ಗಾಲಿ ಬಿಚ್ಚಿದ.

ಚಿತ್ತಿಗೂ ಮೊದಲಿನ ಹಸ್ತ ಮಳೆಯ ನಡುವೆ ಮಹಾನವಮಿ ಬಂತು. ದಶಮಿ ಕಳೆದ ಎರಡನೆಯ ದಿನ ಬೆಳಗ್ಗೆ ಹುಸೇನಸಾಬ ಲಿಂಗಸುಗೂರಿನ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. ಯುದ್ಧದ ದಿನಗಳು; ಪೆಟ್ರೋಲು ಸಾಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಬಂದಿದ್ದ, ಮುಖವೆಲ್ಲ ಮಸಿ.

"ಭೀಮಣ್ಣಾರ, ಮೋಟರು ಸಿಂಪಿಗ್ಯಾರ ನಾಗಪ್ಪನ ಕಾಲಿಗೆ ಬಡದೈತ್ರೀ. ಕಾಲು ಮುರದೈತಿ."

"ಯಾವ ಮೋಟರೋ? ನಿಮ್ಮದು ಕಲ್ಲಿನ ಮ್ಯಾಲ ಐತೆಲ್ಲ?"

ಹುಸೇನಸಾಬ ನನ್ನನ್ನು ವಿಚಿತ್ರವಾಗಿ ನೋಡಿದ. "ಖಂಡೇ ಪೂಜಿಗೆ ಇಳಿಸಿದ್ವೆಲ್ರೀ. ವರ್ಷದ ಹಬ್ಬಕ್ಕ ಗಾಲಿ ಉಳ್ಳಸಲಾರದ ಇರ್ತಾರೇನ್ರೀ?" ಎಂದು ಪಡಸಾಲೆಯ ಗೋಡೆಗೆ ಒರಗಿಸಿದ ನನ್ನ ಸೈಕಲ್ಲಿನ ಕಡೆ ಕೈ ತೋರಿದ. ಹ್ಯಾಂಡಲ್ಲಿಗೆ ಬಾಡಿದ ಚೆಂಡುಹೂವಿನ ಮಾಲೆ, ಗಂಟೆಗೆ ಕುಂಕುಮ, ಗಾಲಿಗೆ ವಿಭೂತಿ. ನವಮಿಯ ದಿನ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಅದಕ್ಕೆ ಕಾಯಿ ಒಡೆದವನು ನಾನೇ. ದಶಮಿಯ ಸಂಜೆ ಅದನ್ನು ಹತ್ತಿ ಬನ್ನಿ ಗಿಡಕ್ಕೆ ಹೋಗಿ ಬಂದವನೂ ನಾನೇ.

ನಮ್ಮ ಸೀಮೆಯಲ್ಲಿ ಆ ಹಬ್ಬಕ್ಕೆ ಪೂಜೆ ಮಾಡಿದ ಗಾಡಿಯನ್ನು ಒಂದು ಸುತ್ತಾದರೂ ಹೂಡದೆ ಬಿಡುವವರಿಲ್ಲ. ಮುರಿದ ಬಂಡಿಯನ್ನೂ ನಾಲ್ಕು ಜನ ಸೇರಿ ತಳ್ಳುತ್ತಾರೆ. ಪಂಚಾಂಗದಲ್ಲಿ ಚಿತ್ತಿ ಮಳೆಗೆ ಬೆರಳಿಟ್ಟಾಗ ಮಹಾನವಮಿ ಅದೇ ಪುಟದಲ್ಲಿ ಇತ್ತು. ಬೊಂಬಾಯಿಯ ಸಾಹೇಬ ತಪ್ಪಿದರೆ ಕ್ಷಮೆ ಉಂಟು. ಮಸ್ಕಿ ಹಳ್ಳದ ನೀರು ಕುಡಿದು ಬೆಳೆದ ನಾನು ತಪ್ಪಿದ್ದೆ.

ಅವತ್ತೇ ಮಸ್ಕಿಗೆ ಹೋದೆ. ದಾರಿಯಲ್ಲಿ ಹುಸೇನಸಾಬ ಎಲ್ಲ ಹೇಳಿದ. ಮೂರು ತಿಂಗಳಿಗೂ ಮಿಕ್ಕಿ ನಿಂತ ಮೋಟಾರಿನ ಬ್ರೇಕಿನ ಸರಳುಗಳು ತೇವಕ್ಕೆ ತುಕ್ಕು ಹಿಡಿದಿದ್ದವು. ಸಮ ನೆಲದ ಮೇಲೆ ಹಿಡಿದು ನೋಡಿದ್ದ, ನಿಂತಿತ್ತು. ಆದರೆ ಬನ್ನಿಗೆ ಹೊರಟಾಗ ಸಾವುಕಾರರ ತಾಯಿ ಗೌರವ್ವನಿಂದ ಹಿಡಿದು ಬೀಗರ ತನಕ ಹತ್ತು ಹನ್ನೆರಡು ಮಂದಿ ಹತ್ತಿದರು. ಹಳ್ಳದ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಎದುರಿಗೆ ಜನ. ಹುಸೇನಸಾಬ ಪಕ್ಕದ ಬೇಲಿಗೆ ತಿರುಗಿಸಿದ. ಬೇಲಿಯ ಹತ್ತಿರ ಯಾರಿಗೋ ಬನ್ನಿ ಕೊಡುತ್ತ ನಿಂತಿದ್ದ ನಾಗಪ್ಪ ಒಬ್ಬನೇ ಸಿಕ್ಕ.

ನಾಗಪ್ಪನ ಮನೆಯ ಹೊಚ್ಚಲ ದಾಟಿದರೆ ಎದುರಿಗೇ ಹೊಲಿಗೆ ಮಿಷಿನ್ನು. ಅದರ ಮೇಲೂ ಕುಂಕುಮ, ಹೂವು. ಪಕ್ಕದ ಹೊರಸಿನ ಮೇಲೆ ಅವನು ಮಲಗಿದ್ದ. ಊರಿನ ಎಲುಬು ಕಟ್ಟುವವನು ಬಿದಿರಿನ ಸೀಳು ಇಟ್ಟು ಕಟ್ಟಿದ್ದ, ಆದರೆ ಎಲುಬು ಚರ್ಮ ಹರಿದು ಹೊರಗೆ ಬಂದಿದೆ, ರಾಯಚೂರಿನ ದವಾಖಾನೆಗೆ ಹೋಗದಿದ್ದರೆ ಕಾಲು ಉಳಿಯುವುದಿಲ್ಲ ಎಂದು ಅವನೇ ಹೇಳಿ ಹೋಗಿದ್ದ. ಮೂಲೆಯಲ್ಲಿ ದೀಪಾವಳಿಗೆಂದು ಜನ ಕೊಟ್ಟ ಅರಿವೆಯ ಗಂಟುಗಳು.

"ಕೈ ಎರಡೂ ಗಟ್ಟಿ ಅದಾವ್ರೀ ಭೀಮಣ್ಣಾರ," ಎಂದ ನಾಗಪ್ಪ. "ಆದ್ರ ಮಿಷಿನ್ನು ನಡೆಯೂದು ಕಾಲಿಂದ. ಕಾಲು ಹೋದ್ರ ಬರೇ ಕೈ ತಗೊಂಡು ನಾ ಏನು ಮಾಡ್ಲಿ?"

ಹೊರಗೆ ಬಂದಾಗ ಕಣ್ಣಲ್ಲಿ ನೀರಿತ್ತು, ಹೇಳಲಿಕ್ಕೆ ನಾಚಿಕೆ ಇಲ್ಲ.

ಸಾವುಕಾರರು ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ರಾಯಚೂರಿಗೆ ಸಾಗಿಸುವುದಕ್ಕೆ ಗೌರವ್ವ ಆಗಲೇ ರೊಕ್ಕ ಕೊಟ್ಟಿದ್ದಳು. ಮುಂದಿನ ಖರ್ಚು ಕಂಪನಿಯದು ಎಂಬುದು ಸಾವುಕಾರರ ವಾದ. ಕಲ್ಲಿನ ಅವಧಿಯಲ್ಲಿ ರಸ್ತೆಯ ಅಪಘಾತಕ್ಕೆ ವಿಮೆ ಇಲ್ಲ ಎಂದು ನೆನಪಿಸಿದೆ.

"ಅದಕ್ಕೇನಾತು?" ಎಂದರು. "ದಸರಾದಾಗ ಮೋಟರು ಇಳಸ್ತೀವಿ ಅಂತ ಹಿಂದಿನ ತಾರೀಖು ಹಾಕಿ ಒಂದು ಕಾಗದ ಬರಿ. ಮಳ್ಯಾಗ ಟಪಾಲು ಕಳೀತು ಅನ್ನು. ನಾಗಪ್ಪನ ಕಾಲು ಉಳೀಲಿ ಅಂತ ನಿನಗ ಇಲ್ಲೇನು?"

ಆ ಕೊನೆಯ ಮಾತು ನಾಟಿತು. ಅಲ್ಲಿಯೇ ಕೂತು ಬರೆದೆ. ಹೌದು, ಬರೆದೆ, ಅಕ್ಷತೆ ಕಾಳು ಹುಡುಕಿ ಸಿಂಧನೂರಿನವನಿಗೆ ನೀತಿ ಹೇಳಿದ ಇದೇ ಭೀಮಣ್ಣ. ಹಳೆಯ ತಾರೀಖು ಹಾಕಿದೆ, ಮಡಚಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೆ.

ಆ ವಾರ ಖಲೀಲ್ ಸಾಹೇಬರು ಲಿಂಗಸುಗೂರಿನ ಮುಸಾಫಿರ್ ಬಂಗಲೆಯಲ್ಲಿ ಇಳಿದಿದ್ದರು. ನಾನು ಒಳಗೆ ಕಾಲಿಟ್ಟು ಅಪಘಾತದ ಸುದ್ದಿ ಹೇಳಿ ಮುಗಿಸುವ ಮೊದಲೇ ಅವರು ಕೈ ಎತ್ತಿದರು.

"ಒಂದು ಮಾತು ಮಾತ್ರ ಹೇಳ್ಬ್ಯಾಡ ಭೀಮಣ್ಣ. ಟಪಾಲು ಕಳದೈತಿ ಅಂತ ಹೇಳ್ಬ್ಯಾಡ. ಈ ಜಿಲ್ಲಾದಾಗ ಏಜೆಂಟ್ರ ಟಪಾಲು ವರ್ಷ ಪೂರಾ ಬರೋಬ್ಬರಿ ಬರ್ತಾವ. ಹಾದಸಾ, ಅಪಘಾತ ಆದ ವಾರ ಮಾತ್ರ ಕಳೀತಾವ."

ಜೇಬಿಗೆ ಹೋಗುತ್ತಿದ್ದ ಕೈ ಅಲ್ಲಿಯೇ ನಿಂತಿತು. ಅವರ ಮುಖ ನೋಡಿದೆ. ಸಿಟ್ಟು ಇರಲಿಲ್ಲ, ದಣಿವಿತ್ತು. ಎಷ್ಟು ಸುಳ್ಳು ಕಾಗದ ಓದಿದ್ದರೋ. ನಾನು ಜೇಬಿನಿಂದ ಆ ಕಾಗದ ತೆಗೆದು ಮೇಜಿನ ಮೇಲಿಟ್ಟು, "ಸಾಹೇಬ್ರ, ಇದು ಸುಳ್ಳು ಐತ್ರೀ. ಖರೇ ಹೇಳ್ತೀನಿ" ಎಂದೆ. ಪಂಚಾಂಗದಿಂದ ಹಿಡಿದು ನಾಗಪ್ಪನ ಮಿಷಿನ್ನಿನ ತನಕ ಎಲ್ಲ ಹೇಳಿದೆ.

ಅವರು ಕಾಗದವನ್ನು ಓದಲೂ ಇಲ್ಲ, ನಾಲ್ಕು ಚೂರು ಮಾಡಿದರು. ಆಮೇಲೆ ಕೇಳಿದರು: "ಪೂಜಾ ದಿನ ನೀ ಏನ್ ಮಾಡಿದಿ?"

"ಸೈಕಲ್ ಪೂಜಿ ಮಾಡಿದ್ನಿರೀ."

"ಮಾಡಿ?"

"ಮರುದಿನ ಹತ್ತಿಕೊಂಡು ಬನ್ನಿ ಗಿಡಕ್ಕ ಹೋದ್ನಿ."

ಖಲೀಲ್ ಸಾಹೇಬರು ನಕ್ಕುಬಿಟ್ಟರು. ಅವರು ನಕ್ಕದ್ದನ್ನು ಮೊದಲ ಸಲ ನೋಡಿದೆ. "ಅಂದ್ರ ಆ ದಿನ ಯಾವ ಗಾಲಿನೂ ನಿಲ್ಲೂದಿಲ್ಲ ಅಂತ ನಿನಗ ಮಾಲೂಮ್ ಇತ್ತು. ನೀ ಇಲ್ಲಿ ಕಂಪನಿ ಕಣ್ಣು, ಕಂಪನಿ ಕಿವಿ. ನಿನಗ ಗೊತ್ತಿದ್ದದ್ದು ಕಂಪನಿಗೆ ಗೊತ್ತಿದ್ದಂಗ. ಗೊತ್ತಿದ್ದೂ ಆ ತಾರೀಖು ಮಂಜೂರು ಮಾಡಿದ ಮ್ಯಾಲ ಕಂಪನಿ ಹಿಂದ ಸರಿಯಾಕ ಬರೂದಿಲ್ಲ. ಇದನ್ನ ನಿನ್ನ ಕೈಲೇ ಬರದು ಕೊಡು." ಕಾಗದ, ಲೇಖನಿ ನನ್ನ ಮುಂದೆ ಸರಿಸಿ ಸೇರಿಸಿದರು. "ಆದ್ರ ಸೋಚ್ ಮಾಡು. ಇದು ಬರದ್ರ ಸಾವುಕಾರ ಉಳೀತಾನ, ದರ್ಜಿ ಉಳೀತಾನ. ನೀ ಉಳಿಯೂದಿಲ್ಲ."

ಬರೆದೆ. ನಾನು ಈ ಊರಿನವನು, ಆ ಹಬ್ಬಕ್ಕೆ ಗಾಡಿ ಇಳಿಸುತ್ತಾರೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ತಾರೀಖಿನಲ್ಲಿ ಆ ದಿನಗಳನ್ನು ಬಿಡಲಿಲ್ಲ, ತಪ್ಪು ನನ್ನದು. ನಾಲ್ಕೇ ಸಾಲು. ನನ್ನ ಜೀವನದಲ್ಲಿ ಅಷ್ಟು ನೆಟ್ಟಗೆ ಇನ್ನೊಂದು ಕಾಗದ ಬರೆದಿಲ್ಲ.

ಸಾಹೇಬರು ಹೇಳಿದ್ದು ಗಟ್ಟಿ ಕಾನೂನೋ ಅವರ ಜಾಣತನವೋ ಇವತ್ತಿಗೂ ನನಗೆ ತಿಳಿಯದು. ಅವರು ಆ ನಾಲ್ಕು ಸಾಲು ಹಿಡಿದು ಹೈದರಾಬಾದಿನಲ್ಲಿ ತಿಂಗಳುಗಟ್ಟಲೆ ಜಗಳ ಆಡಿದರು. ಕಂಪನಿ ನಾಗಪ್ಪನ ದವಾಖಾನೆಯ ಖರ್ಚು ಕೊಟ್ಟಿತು, ಅವನು ಮಲಗಿದ್ದ ತಿಂಗಳುಗಳ ದುಡಿಮೆಯನ್ನೂ ಕಟ್ಟಿಕೊಟ್ಟಿತು. ಕಾಲು ಉಳಿಯಿತು, ಒಂದಿಷ್ಟು ಗಿಡ್ಡಾಯಿತು. ನನ್ನ ಮೋಟಾರು ಏಜೆನ್ಸಿ ಹೋಯಿತು. ಎರಡು ವರ್ಷ ಬರೀ ಜೀವ ವಿಮೆಯ ಕಾಗದ ಹಿಡಿದು ಸಂತೆಕಲ್ಲೂರಿನಂಥ ಹಳ್ಳಿಗಳಲ್ಲಿ ತಿರುಗಿದೆ. "ಸಾಯೂ ಮಾತು ಆಡಾಕ ಬಂದಾನ" ಎಂದು ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಮಾತ್ರ ಒಂದು ದಿನವೂ ಆ ಕಾಗದ ಯಾಕೆ ಬರೆದೆ ಎಂದು ಕೇಳಲಿಲ್ಲ. ಎರಡು ವರ್ಷದ ಮೇಲೆ ಏಜೆನ್ಸಿ ತಿರುಗಿ ಕೊಡಿಸಿದವರೂ ಖಲೀಲ್ ಸಾಹೇಬರೇ. ಅಂದಿನಿಂದ ಕಲ್ಲಿನ ರಿಯಾಯತಿಯ ಪ್ರತಿ ಅರ್ಜಿಯಲ್ಲಿ "ನವಮಿ, ದಶಮಿ ಎರಡು ದಿನ ಬಿಟ್ಟು" ಎಂದು ನನ್ನ ಕೈಯಾರೆ ಸೇರಿಸುತ್ತಿದ್ದೆ. ಕಲ್ಲಿನಿಂದ ಇಳಿಸಿದ ಗಾಡಿಯ ಬ್ರೇಕನ್ನು ಇಳಿಜಾರಿನಲ್ಲಿ, ತುಂಬು ಮಂದಿಯನ್ನು ಕೂಡಿಸಿ ಹಿಡಿದು ನೋಡಬೇಕೆಂದು ಡ್ರೈವರುಗಳ ಬೆನ್ನು ಹತ್ತುತ್ತಿದ್ದೆ. ಹುಡುಗರೇ, ಛಾಪಿಸಿದ ಅರ್ಜಿ ಎಲ್ಲ ಊರಿಗೂ ಒಂದೇ. ಊರು ಮಾತ್ರ ಒಂದೇ ಇರುವುದಿಲ್ಲ. ಆ ವ್ಯತ್ಯಾಸ ಬರೆಯುವುದಕ್ಕೇ ನಿಮಗೆ ಕಮಿಷನ್ನು ಕೊಡುವುದು.

ಏಜೆನ್ಸಿ ಇಲ್ಲದ ಆ ದಿನಗಳ ಮೊದಲ ದಸರೆಗೆ ಗೌರವ್ವ ನನ್ನನ್ನು ಮಸ್ಕಿಗೆ ಕರೆಸಿದಳು. ಹೋಗಿ ನೋಡಿದರೆ ಮೋಟಾರು ಮತ್ತೆ ಕಲ್ಲಿನ ಮೇಲೆ! ರಾಯಚೂರಿನ ಹೊಸ ಏಜೆಂಟನ ಕೈಲಿ ಸಾವುಕಾರರು ಮತ್ತೆ ಚಿತ್ತಿ ಮಳೆಯ ತನಕವೇ ಬರೆಸಿದ್ದರು. ಹಬ್ಬದ ಎರಡು ದಿನ ಬಿಡಬೇಕಿತ್ತಲ್ಲ ಎಂದರೆ, "ಎರಡು ದಿನದ ರಿಯಾಯತಿ ಹೋಗ್ತಿತ್ತೆಲ್ಲೋ ಭೀಮಣ್ಣ" ಎಂದರು. ಹುಟ್ಟುಗುಣ ಸುಟ್ಟರೂ ಹೋಗದು.

ಗೌರವ್ವ ಕೋಲು ಕುಟ್ಟಿದಳು. "ಗಾಲಿ ಉಳ್ಳಲಾರದ ಹಬ್ಬ ಮಾಡಾಕ ನಾ ಬಿಡೂದಿಲ್ಲ. ಮೋಟರು ಇಳಸ್ಬ್ಯಾಡಂದ್ರ ಕಲ್ಲಿನ ಮ್ಯಾಲ ಇರಲಿ. ಬಿಚ್ಚಿದ ಗಾಲಿ ಅದಾವೆಲ್ಲ? ಒಂದ ಗಾಲಿ ಬನ್ನಿಗೆ ಹೋಗಿ ಬರಲಿ. ಭೀಮಣ್ಣ, ಇದಕ್ಕ ನಿಮ್ಮ ಕಂಪನಿ ಏನಂತೈತಿ?"

"ಒಂಟಿ ಗಾಲಿ ಮೋಟರಲ್ರೀ ಅವ್ವಾರ," ಎಂದೆ. ಸಾವುಕಾರರ ಮುಖ ಅರಳಿತು.

ಹುಸೇನಸಾಬ ಗಾಲಿಗೆ ನೀರು ಹಾಕಿ ತೊಳೆದು ಅರಿಶಿಣ ಕುಂಕುಮ ಹಚ್ಚಿದ. ಯಾರು ಉರುಳಿಸಬೇಕೆಂದು ಮಾತಾಗುತ್ತಿರುವಾಗ ಗುಂಪಿನ ಹಿಂದಿನಿಂದ ನಾಗಪ್ಪ ಕುಂಟುತ್ತ ಬಂದ. ತಾನೇ ಹೊಲಿದ ಹೊಸ ಅಂಗಿ ತೊಟ್ಟಿದ್ದ.

"ಕೊಡ್ರೀ, ನಾ ಉಳ್ಳಸ್ತೀನಿ. ಈ ಗಾಲಿಗೂ ನನಗೂ ಹಳೇ ಪರಿಚಯ ಐತಿ."

ಯಾರೂ ನಗಲಿಲ್ಲ. ಹುಸೇನಸಾಬ ಎರಡೂ ಕೈಯಿಂದ ಗಾಲಿಯನ್ನು ಅವನಿಗೆ ಕೊಟ್ಟ. ನಾಗಪ್ಪ ನಡೆದಷ್ಟೇ ನಿಧಾನವಾಗಿ ಅದು ಉರುಳಿತು. ಹಿಂದೆ ಸಾವುಕಾರರು, ಗೌರವ್ವ, ಹುಸೇನಸಾಬ, ಸೈಕಲ್ ತಳ್ಳಿಕೊಂಡು ನಾನು, ಅರ್ಧ ಮಸ್ಕಿ. ಅವನನ್ನು ದಾಟಿ ಮುಂದೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಹಳ್ಳದ ಇಳಿಜಾರಿಗೆ ಬಂದಾಗ ಗಾಲಿ ಜಾರತೊಡಗಿತು. ನಾಗಪ್ಪ ಬೇಲಿಯ ಪಕ್ಕದ ಅದೇ ಜಾಗದಲ್ಲಿ ಎರಡೂ ಕೈಯಿಂದ ಅದನ್ನು ಗಪ್ಪನೆ ಹಿಡಿದು ನಿಲ್ಲಿಸಿದ, ಗಿಡ್ಡ ಕಾಲನ್ನು ನೆಲಕ್ಕೆ ಊರಿ ತಿರುಗಿ ನೋಡಿದ.

"ಸಾವುಕಾರ್ರ, ಈ ವರ್ಷ ಬ್ರೇಕ್ ಬಿಗಿ ಐತ್ರೀ" ಎಂದ.